ಕಂದಕದ ಕಲ್ಲು, ಉಂಗುರದ ಹರಳು

ಬೀದರ್ ಕೋಟೆಯ ಮೂರು ಸುತ್ತಿನ ಕಂದಕ ಕಟ್ಟಿದ್ದಲ್ಲ, ಕಡಿದದ್ದು. ನೆಲದ ಜಂಬಿಟ್ಟಿಗೆಯನ್ನೇ ಆಳಕ್ಕೆ ಕಡಿದು, ನಡುನಡುವೆ ಬಂಡೆಯನ್ನು ಗೋಡೆಯಂತೆ ಹಾಗೇ ಬಿಟ್ಟಿದ್ದಾರೆ. ಮಳೆ ಬಿದ್ದ ಮರುದಿನ ನೋಡಿದರೆ ಆ ಕಲ್ಲು ಹಸಿ ಇಟ್ಟಿಗೆಯಂತೆ ಕೆಂಪಗೆ ಕಾಣುತ್ತದೆ. ಅದರಲ್ಲಿ ಹೇರಳವಾಗಿರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಲಬುರಗಿಯ ಸರಾಫ್ ಬಜಾರದಲ್ಲಿ ಮಡಿಸಿದ ಬಿಳಿ ಕಾಗದ ಬಿಚ್ಚಿ ತೋರಿಸುವ ಮಾಣಿಕ್ಯದ ಒಡಲಿನಲ್ಲಿರುವುದೂ ಅದೇ ಅಲ್ಯೂಮಿನಿಯಂ. ಎರಡು ಪರಮಾಣು ಅಲ್ಯೂಮಿನಿಯಂಗೆ ಮೂರು ಪರಮಾಣು ಆಮ್ಲಜನಕ, ಅಷ್ಟೇ. ನೀಲಮಣಿಯೂ ಅದೇ, ಕನಕ ಪುಷ್ಯರಾಗವೂ ಅದೇ. ಈ ಖನಿಜಕ್ಕೆ ಲೋಕವೆಲ್ಲ ಹೇಳುವ ಕೊರಂಡಮ್ ಎಂಬ ಹೆಸರು ಹೋದದ್ದು ನಮ್ಮ ಕಡೆಯಿಂದಲೇ: ಕುರುಂದ, ಕುರುವಿಂದ. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆ ಚಕ್ರ ಮಾಡಿ, ಅದರ ಮೇಲೆಯೇ ಹರಳು ಉಜ್ಜುತ್ತಿದ್ದರು. ಗಟ್ಟಿತನದಲ್ಲಿ ವಜ್ರಕ್ಕೆ 10 ಅಂದರೆ ಇದಕ್ಕೆ 9.

ಹಾಗಿದ್ದರೆ ಬೀದರಿನಲ್ಲಿ ಮಾಣಿಕ್ಯ ಯಾಕೆ ಸಿಗುವುದಿಲ್ಲ? ಕಪ್ಪು ಬಸಾಲ್ಟು ಲಕ್ಷಾಂತರ ವರ್ಷ ಮಳೆಯಲ್ಲಿ ಕೊಳೆತು, ಮರಳಿನ ಮೂಲವಸ್ತುವಾದ ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಜಂಬಿಟ್ಟಿಗೆ ಆಯಿತು. ಆದರೆ ಆ ಅಲ್ಯೂಮಿನಿಯಂ ಇನ್ನೂ ನೀರನ್ನು ಹಿಡಿದುಕೊಂಡೇ ಕೂತಿದೆ. ಇಂಥ ಪದರ ನೆಲದಾಳಕ್ಕೆ ಹೂತುಹೋಗಿ, ಕಾದು, ಅದುಮಿಸಿಕೊಂಡರೆ ನೀರು ಬಿಟ್ಟು ಕುರುಂದವಾಗುತ್ತದೆ. ಗ್ರೀಸಿನ ನಾಕ್ಸೋಸ್ ದ್ವೀಪದಲ್ಲಿ ಹಾಗೆ ಆಗಿದೆ. ಅಲ್ಲಿನ ಉಜ್ಜುಕಲ್ಲು ಹಿಂದೊಮ್ಮೆ ಜಂಬಿಟ್ಟಿಗೆಯ ಜಾತಿಯ ಮಣ್ಣೇ. ಬೀದರಿನ ಪದರ ಪ್ರಸ್ಥಭೂಮಿಯ ನೆತ್ತಿಯ ಮೇಲೆ ಬಯಲಿಗೆ ಬಿದ್ದುಕೊಂಡಿದೆ, ಒಲೆ ಕಂಡಿಲ್ಲ.

ಶಹಾಬಾದ್ ಪರಸಿಯ ಕಥೆಯೂ ಇದೇ. ಬರ್ಮಾದ ಮೊಗೋಕ್ ಕಣಿವೆಯ ಮಾಣಿಕ್ಯ ಹುಟ್ಟಿದ್ದು ಅಮೃತಶಿಲೆಯಲ್ಲಿ, ಅಂದರೆ ಬೆಂದ ಸುಣ್ಣಕಲ್ಲಿನಲ್ಲಿ. ನಮ್ಮ ಭೀಮಾ ತೀರದ ಸುಣ್ಣಕಲ್ಲು ಬೇಯಲಿಲ್ಲ, ಮಡಚಿಕೊಳ್ಳಲಿಲ್ಲ, ಹಾಸಿದ್ದು ಹಾಸಿದಂತೆ ಉಳಿಯಿತು. ಅದಕ್ಕೇ ಪದರ ಪದರವಾಗಿ ಸೀಳಿ ಮನೆಗೆ ಹಾಸುವುದು ಸಾಧ್ಯವಾಗಿದೆ. ಬೆಂದಿದ್ದರೆ ಪರಸಿ ಇರುತ್ತಿರಲಿಲ್ಲ. ಮಾಣಿಕ್ಯ ಇರುತ್ತಿತ್ತೋ ಇಲ್ಲವೋ ಆ ಮಾತು ಬೇರೆ. ಇನ್ನು ಯಾದಗಿರಿಯ ಗ್ರಾನೈಟು ಬೆಂದದ್ದೇನೋ ಹೌದು, ಆದರೆ ಅಲ್ಲಿ ಸಿಲಿಕಾ ಹೆಚ್ಚು. ಸಿಲಿಕಾ ಪಕ್ಕದಲ್ಲಿದ್ದರೆ ಅಲ್ಯೂಮಿನಿಯಂ ಅದರ ಜೊತೆ ಸೇರಿ ಬೇರೆಯದೇ ಖನಿಜವಾದ ಫೆಲ್ಡ್‌ಸ್ಪಾರ್ ಆಗಿಬಿಡುತ್ತದೆ, ಒಂಟಿಯಾಗಿ ಕುರುಂದವಾಗಲು ಉಳಿಯುವುದಿಲ್ಲ. ಈ ಮಾತು ವ್ಯಾಪಾರದಲ್ಲೂ ಉಪಯೋಗಕ್ಕೆ ಬರುತ್ತದೆ. ಸಿಲಿಕಾದ್ದೇ ಆದ ಬಿಳಿ ಬೆಣಚುಕಲ್ಲಿನಲ್ಲಿ ನೆಟ್ಟಂತೆ ಕೂತ ಕೆಂಪು ಹರಳನ್ನು ಯಾರಾದರೂ 'ಗಣಿಯಿಂದ ತೆಗೆದದ್ದು ಹಾಗೇ ಅದರಿ' ಎಂದು ತೋರಿಸಿದರೆ, ಮೊದಲು ಅಂಟು ಎಲ್ಲಿದೆ ಎಂದು ನೋಡಬೇಕು. ಕರ್ನಾಟಕದಲ್ಲಿ ಕುರುಂದ ಇರುವುದು ದಕ್ಷಿಣಕ್ಕೆ, ಮೈಸೂರು, ಹಾಸನ, ಮಂಡ್ಯ, ತುಮಕೂರಿನ ಹಳೆಯ ಶಿಲೆಗಳಲ್ಲಿ. ಹೆಚ್ಚಿನದು ಮಬ್ಬು, ನೇರಳೆ ಬೆರೆತ ಕೆಂಪು. ಗುಮ್ಮಟದಂತೆ ಉಜ್ಜಿದರೆ ಕೆಲವದರಲ್ಲಿ ಆರು ಎಳೆಯ ನಕ್ಷತ್ರ ಮೂಡುತ್ತದೆ.

ಶುದ್ಧ ಕುರುಂದಕ್ಕೆ ಬಣ್ಣವೇ ಇಲ್ಲ, ಗಾಜಿನಂತೆ ಬಿಳಿ. ಜಂಬಿಟ್ಟಿಗೆಯ ಕೆಂಪು ಕಬ್ಬಿಣದ ತುಕ್ಕು. ಮಾಣಿಕ್ಯದ ಕೆಂಪು ಕ್ರೋಮಿಯಂ, ಅದೂ ನೂರಕ್ಕೆ ಒಂದು ಪಾಲಿನ ಸುತ್ತಮುತ್ತ. ಆ ಒಂದು ಪಾಲು ಹಸಿರು, ನೇರಳೆ ಬೆಳಕನ್ನು ನುಂಗಿ ಕೆಂಪನ್ನಷ್ಟೇ ಬಿಡುತ್ತದೆ. ಜೊತೆಗೆ, ನುಂಗಿದ್ದರಲ್ಲಿ ಸ್ವಲ್ಪವನ್ನು ಮತ್ತೆ ಕೆಂಪಾಗಿಯೇ ಹೊರಹಾಕುತ್ತದೆ. ಒಳ್ಳೆಯ ಮಾಣಿಕ್ಯ ಬಿಸಿಲಲ್ಲಿ ಒಳಗಿಂದ ಕೆಂಡದಂತೆ ಉರಿಯುವುದು ಈ ಕಾರಣಕ್ಕೆ. ಕಬ್ಬಿಣ ಸೇರಿದರೆ ಆ ಕೆಂಡಕ್ಕೆ ಬೂದಿ ಮುಚ್ಚಿದ ಹಾಗೆ. ಅಮೃತಶಿಲೆಯಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಮೊಗೋಕಿನದು ಉರಿಯುತ್ತದೆ. ಥಾಯ್ಲೆಂಡಿನದು ಬಸಾಲ್ಟಿನ ಜೊತೆ ಮೇಲೆ ಬಂದದ್ದು, ಕಬ್ಬಿಣ ಹೆಚ್ಚು, ದಟ್ಟ ದ್ರಾಕ್ಷಾರಸದ ಬಣ್ಣಕ್ಕೆ ನಿಲ್ಲುತ್ತದೆ.

ನೀಲಿಯ ಲೆಕ್ಕ ಇನ್ನೂ ಸೂಕ್ಷ್ಮ. ಕಬ್ಬಿಣ ಒಂದೇ ಇದ್ದರೆ ಮಾಸಲು ಹಳದಿ ಅಥವಾ ಹಸಿರು, ಟೈಟಾನಿಯಂ ಒಂದೇ ಇದ್ದರೆ ಬಣ್ಣವಿಲ್ಲ. ಎರಡೂ ಅಕ್ಕಪಕ್ಕ ಕೂತು ಒಂದರಿಂದ ಇನ್ನೊಂದಕ್ಕೆ ಇಲೆಕ್ಟ್ರಾನ್ ಜಿಗಿದಾಗ ಮಾತ್ರ ಇಂದ್ರನೀಲ. ಶ್ರೀಲಂಕಾದ ನೀಲಿ ನಮ್ಮ ಹಿಂಗಾರಿ ಹೊಲದ ಅಗಸಿ ಹೂವಿನಂತೆ ತಿಳಿ. ಆಸ್ಟ್ರೇಲಿಯಾದ್ದು ಶಾಯಿ ಬಾಟಲಿಯಂತೆ ದಟ್ಟ. ಕಾಶ್ಮೀರದ್ದು ಮಖಮಲ್ಲಿನಂತೆ, ಬಣ್ಣದ ಮೇಲೆ ತೆಳ್ಳಗೆ ಮಂಜು ಕವಿದ ಹಾಗೆ.

ಬಣ್ಣ ಬೇರೆಯಾದರೂ ಕಲ್ಲು ಒಂದೇ ಎಂಬುದು ಎಲ್ಲ ಭಾಷೆಗೂ ಮೊದಲಿಂದ ಗೊತ್ತಿರಲಿಲ್ಲ. ಸಂಸ್ಕೃತ, ಕನ್ನಡದಲ್ಲಿ ಪದ್ಮರಾಗ (ಮಾಣಿಕ್ಯ), ಇಂದ್ರನೀಲ ಬೇರೆ ಬೇರೆ ರತ್ನಗಳು. ಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಭಂಡಾರದ ಭಾಗವಾಗಿ ರತ್ನಗಳನ್ನು ವಿಂಗಡಿಸಿದ್ದೂ ಆ ದಾರಿಯಲ್ಲೇ. ಅರಬಿ, ಫಾರಸಿಯವರ ದಾರಿ ಬೇರೆ: ಅವರಿಗೆ ಎಲ್ಲವೂ ಯಾಕೂತ್, ಕೆಂಪು ಯಾಕೂತ್, ನೀಲಿ ಯಾಕೂತ್, ಹಳದಿ ಯಾಕೂತ್. ಅಫ್ಘಾನಿಸ್ತಾನದ ಕಡೆಯ ಬದಖ್ಶಾನದ ಕೆಂಪು ಹರಳನ್ನು ಮಾತ್ರ ಬೇರೆ ಇಟ್ಟು ಲಾಲ್ ಎಂದರು. ಅದು ಸ್ಪಿನೆಲ್ ಎಂಬ ಬೇರೆ ಖನಿಜ, ಮಾಣಿಕ್ಯವಲ್ಲ. ಯುರೋಪಿನವರಿಗೆ ಈ ಭೇದ ಸರಿಯಾಗಿ ಹತ್ತಿದ್ದು 1783ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನ ಕಿರೀಟದ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಎಂಬ ಸ್ಪಿನೆಲ್ಲು ಮಾಣಿಕ್ಯದ ಹೆಸರಲ್ಲೇ ಗಟ್ಟಿಯಾಗಿ ಕೂತಾಗಿತ್ತು. 1470ರ ಆಸುಪಾಸು ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಬಹಮನಿ ಸುಲ್ತಾನನ ನಿಲುವಂಗಿಯ ತುಂಬ 'ಯಾಖೊಂತ್' ಇದ್ದವು ಎಂದು ಬರೆದಿಟ್ಟ. ಆ ರಷ್ಯನ್ ಪದ ಯಾಕೂತಿನ ನಂಟಿನದೇ. ಕೆಂಪಿಗೂ ಅದೇ ಹೆಸರು, ನೀಲಿಗೂ ಅದೇ ಹೆಸರು. ಸುಲ್ತಾನ ಮೆರವಣಿಗೆ ಹೊರಟದ್ದು ಕೆಂಪಾಗಿಯೋ ನೀಲಿಯಾಗಿಯೋ ಎಂದು ಆ ಒಂದು ಪದ ಹಿಡಿದು ಹೇಳಲಾಗದು.

ಪುರಾಣ ಈ ರತ್ನಗಳನ್ನೆಲ್ಲ ಬಲಾಸುರನ ಮೈಯಿಂದ ಹುಟ್ಟಿಸುತ್ತದೆ. ಅವನ ರಕ್ತ ಸಿಂಹಳದ ಹೊಳೆಗೆ ಬಿದ್ದು ಮಾಣಿಕ್ಯ, ಕಣ್ಣು ಇಂದ್ರನೀಲ. ಭೂಗೋಳದ ಮಟ್ಟಿಗೆ ಪುರಾಣ ತಪ್ಪಿಲ್ಲ: ಶ್ರೀಲಂಕಾದ ರತ್ನಪುರದಲ್ಲಿ ಇವತ್ತಿಗೂ ಎರಡನ್ನೂ ಹೊಳೆಯ ಹಳೇ ಜಲ್ಲಿಯಿಂದಲೇ ಜಾಲಿಸಿ ತೆಗೆಯುತ್ತಾರೆ. ರವಿಗೆ ಮಾಣಿಕ್ಯ, ಶನಿಗೆ ನೀಲ, ಗುರುವಿಗೆ ಪುಷ್ಯರಾಗ. ಭಾನುವಾರ ಅನಾಮಿಕೆಗೆ, ಶನಿವಾರ ನಡುಬೆರಳಿಗೆ, ಗುರುವಾರ ತೋರುಬೆರಳಿಗೆ. ನವರತ್ನದ ಉಂಗುರದಲ್ಲಿ ಮಾಣಿಕ್ಯಕ್ಕೇ ನಡುವಿನ ಜಾಗ. ನಂಬುವವರ ಜೊತೆ ವಾದಕ್ಕಿಳಿಯುವ ಅಗತ್ಯ ಇಲ್ಲಿಲ್ಲ. ಆದರೆ ನಂಬಿಕೆ ಮೋಸಕ್ಕೆ ಬಾಗಿಲು ತೆರೆಯುವ ಜಾಗಗಳು ಮೂರ್ನಾಲ್ಕು ಇವೆ, ಅವನ್ನು ಹೇಳಲೇಬೇಕು.

ಒಂದು, ತೂಕ. 'ಸವ್ವಾ ಪಾಂಚ್ ರತ್ತಿ ನೀಲಂ ಹಾಕ್ರಿ' ಎಂದು ಪಂಡಿತರು ಚೀಟಿ ಬರೆದುಕೊಡುತ್ತಾರೆ. ಯಾವ ರತ್ತಿ? ಗುಲಗಂಜಿಯ ಹಳೇ ರತ್ತಿ 121.5 ಮಿಲಿಗ್ರಾಂ, 96 ರತ್ತಿಗೆ ಒಂದು ತೊಲ. ಹರಳಿನ ವ್ಯಾಪಾರದ 'ಪಕ್ಕೀ ರತ್ತಿ' ಅದರ ಒಂದೂವರೆ ಪಟ್ಟು, ಸುಮಾರು 182 ಮಿಲಿಗ್ರಾಂ. ಕ್ಯಾರೆಟ್ 200 ಮಿಲಿಗ್ರಾಂ. ಹಾಗಾದರೆ ಐದೂಕಾಲು ರತ್ತಿ ಅಂದರೆ ಒಂದು ಲೆಕ್ಕಕ್ಕೆ 3.19 ಕ್ಯಾರೆಟ್, ಇನ್ನೊಂದಕ್ಕೆ 4.78. ಕ್ಯಾರೆಟ್ಟಿಗೆ 10,000 ರೂಪಾಯಿಯ ಹರಳಾದರೆ ಬರೀ ಒಂದು ಪದದ ಮೇಲೆ 15,900 ರೂಪಾಯಿ ಫರಕು. ದರ, ತೂಕ ಎರಡೂ ಕ್ಯಾರೆಟ್ಟಿನಲ್ಲೇ ಬಿಲ್ಲಿನ ಮೇಲೆ ಬರಬೇಕು.

ಎರಡು, ಹೆಸರು. ನೀಲಂ ಬೇರೆ, 'ನೀಲಿ' ಬೇರೆ. ಉಪರತ್ನವಾಗಿ ನೀಲಿ ಎಂದು ಮಾರುವುದು ಅಯೋಲೈಟ್ ಎಂಬ ಹಗುರ, ಅಗ್ಗದ ಕಲ್ಲು. ಬಿಲ್ಲಿನಲ್ಲಿ ಒಂದು ಅಕ್ಷರ ಬದಲಾದರೆ ಕಲ್ಲೇ ಬದಲಾದಂತೆ. ಸುನೇಲಾ ಎಂದರೆ ಹಳದಿ ಸ್ಫಟಿಕ. ಪುಖರಾಜ್ (ಪುಷ್ಯರಾಗ) ಎಂಬ ಹೆಸರಲ್ಲಿ ಟೋಪಾಜೂ ಓಡಾಡುತ್ತದೆ, ಆದ್ದರಿಂದ 'ಯೆಲ್ಲೋ ಸಫೈರ್' ಎಂದೇ ಬರೆಸಿಕೊಳ್ಳಬೇಕು. ಕೆಲವು ಹಳದಿ ಹರಳಿಗೆ ವಿಕಿರಣ ಕೊಟ್ಟು ಬಣ್ಣ ಏರಿಸಿರುತ್ತಾರೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಅಂಥ ಪುಖರಾಜು ಬೆಳ್ಳಗಾಗಿಬಿಡುತ್ತದೆ.

ಮೂರನೆಯದು ಹಾಲಿನ ಪರೀಕ್ಷೆ. ನೀಲವನ್ನು ಹಾಲಿಗೆ ಹಾಕಿದರೆ ಹಾಲು ನೀಲಿ ಕಾಣಬೇಕು ಎಂಬ ಮಾತು ಪುರಾಣದಷ್ಟು ಹಳೆಯದು. ನೀಲಿ ಗಾಜಿನ ಚೂರು ಹಾಕಿದರೂ ಹಾಗೇ ಕಾಣುತ್ತದೆ, ಅದಕ್ಕೆ ಬೇಕಾದದ್ದು ಬಣ್ಣ, ಜಾತಿಯಲ್ಲ. ನೀಲವನ್ನು ನೀಲಿ ಬಟ್ಟೆಯಲ್ಲಿ ಕಟ್ಟಿ ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಕನಸು ನೋಡುವ ಪದ್ಧತಿ ಮಾತ್ರ ಬಲು ಒಳ್ಳೆಯದು. ಆ ಮೂರು ದಿನಕ್ಕೆ ಅಂಗಡಿಯವರು ವಾಪಸು ತೆಗೆದುಕೊಳ್ಳಲು ಒಪ್ಪುತ್ತಾರೆ. ಒಂದು ರಾತ್ರಿ ದಿಂಬಿನ ಕೆಳಗೆ ಇರಲಿ, ಉಳಿದ ಎರಡು ದಿನ ಹೈದರಾಬಾದಿನ ಯಾವುದಾದರೂ ಪ್ರಯೋಗಾಲಯದಲ್ಲಿ ಇರಲಿ.

ಎಲ್ಲಕ್ಕಿಂತ ದೊಡ್ಡದು ನಿರ್ದೋಷದ ಹಂಬಲ. ಹಳೇ ರತ್ನಶಾಸ್ತ್ರ ಬಿರುಕು, ಮೋಡ, ಚುಕ್ಕೆ ಎಲ್ಲವನ್ನೂ ದೋಷ ಎನ್ನುತ್ತದೆ. ಆ ಶಾಸ್ತ್ರ ಬರೆದ ಕಾಲಕ್ಕೆ ಕುಲುಮೆಯಲ್ಲಿ ಹರಳು ಬೆಳೆಸುವುದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡದಿರಬೇಕು, ಕಡುಗೆಂಪಿರಬೇಕು, ಒಳಗೆ ಏನೂ ಕಾಣಬಾರದು, ಕೈಗೆಟುಕುವ ದರ ಇರಬೇಕು ಎಂದು ಕೇಳುವವರಿಗೆ ಹೊಂದುವ ಹರಳು ಒಂದೇ, ಕುಲುಮೆಯದು. ಫ್ರಾನ್ಸಿನ ಆಗಸ್ಟ್ ವರ್ನೂಯಿ 1902ರಲ್ಲಿ ಬಯಲಿಗಿಟ್ಟ ವಿಧಾನ ಇದು: ಅಲ್ಯೂಮಿನಾ ಪುಡಿಯನ್ನು ಜ್ವಾಲೆಯ ಮೂಲಕ ಉದುರಿಸುತ್ತಾರೆ, ಅದು ಕರಗಿ ಕೆಳಗೆ ಹನಿ ಹನಿಯಾಗಿ ಕೂತು ಬೆಳೆಯುತ್ತದೆ. ಎಚ್‌ಎಂಟಿ ಜನತಾ ಗಡಿಯಾರದ ಮುಖದ ಮೇಲೆ '17 ಜ್ಯುವೆಲ್ಸ್' ಎಂದಿರುತ್ತಲ್ಲ, ಅವು ಇವೇ ಮಾಣಿಕ್ಯಗಳು, ಚಕ್ರದ ಅಚ್ಚು ಸವೆಯದಂತೆ ಇಟ್ಟವು. ಅಜ್ಜನ ಹಳೇ ಗಡಿಯಾರ ಇರುವ ಮನೆಯಲ್ಲೆಲ್ಲ ಕುಲುಮೆಯ ಮಾಣಿಕ್ಯ ಇದ್ದೇ ಇದೆ.

ಸರಾಫ್ ಬಜಾರದಲ್ಲಿ ಎಲ್ಲರೂ ಕೇಳುವುದು 'ಅಸಲಿ ಅದನ್ರಿ?' ಎಂಬ ಒಂದೇ ಪ್ರಶ್ನೆ. 'ಹೌದ್ರಿ ಅಣ್ಣಾವ್ರೇ, ನೂರಕ್ಕ ನೂರು' ಎಂಬ ಉತ್ತರ ಸುಳ್ಳೂ ಅಲ್ಲ, ನಿಜವೂ ಅಲ್ಲ. ಕುರುಂದವೇ ಹೌದೋ ಅಲ್ಲವೋ, ನೆಲದಲ್ಲಿ ಹುಟ್ಟಿತೋ ಕುಲುಮೆಯಲ್ಲೋ, ಹುಟ್ಟಿದ ಮೇಲೆ ಅದಕ್ಕೆ ಏನು ಮಾಡಿದ್ದಾರೆ ಎಂದು ಬಿಡಿಸಿ ಕೇಳಬೇಕು.

ಮೊದಲನೆಯದಕ್ಕೆ ಮನೆಯಲ್ಲೇ ಉತ್ತರ ಸಿಗುತ್ತದೆ. ಗಾಜಿನ ಮೇಲೆ ಗೀಚಿ ನೋಡುವುದು ದಡ್ಡತನ: ಬೆಣಚುಕಲ್ಲೂ ಗಾಜನ್ನು ಗೀಚುತ್ತದೆ. ನೀರಿನ ತೂಕ ಸರಿಯಾದದ್ದು, ಸಾವಿರ ವರ್ಷದ ಹಿಂದೆ ಅಲ್ ಬಿರೂನಿ ಯಾಕೂತನ್ನು ತೂಗಿದ್ದೂ ನೀರಿನ ನೆರವಿನಿಂದಲೇ. ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು, ಪತ್ತಾರರ ಬಳಿ ಇರುತ್ತದೆ. ಬಿಡಿ ಹರಳನ್ನು ತೂಗಿ ಬರೆದುಕೊಳ್ಳಿ, 0.960 ಗ್ರಾಂ ಬಂತು ಅನ್ನಿ. ಸಣ್ಣ ಲೋಟದಲ್ಲಿ ನೀರು ಹಾಕಿ ಒಂದು ಹನಿ ಸೋಪಿನ ನೀರು ಬೆರೆಸಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಹರಳನ್ನು ತಲೆಕೂದಲಿನಷ್ಟು ತೆಳುವಾದ ನೈಲಾನ್ ಎಳೆಗೆ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ, ತಳಕ್ಕೂ ಗೋಡೆಗೂ ತಾಗಬಾರದು. ಈಗ ತಕ್ಕಡಿ 0.240 ತೋರಿಸಿದರೆ 0.960 ಭಾಗಿಸು 0.240, ಅಂದರೆ 4.00. ಅದು ಕುರುಂದ. 0.267 ತೋರಿಸಿದರೆ 3.60, ಸ್ಪಿನೆಲ್. 0.384 ಬಂದರೆ 2.50, ಸಾದಾ ಗಾಜು. ಅಯೋಲೈಟ್ 2.6ರ ಹತ್ತಿರ. ತಪ್ಪುವುದು ಎಲ್ಲಿ? ಹರಳಿಗೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಕಡಿಮೆ ಬರುತ್ತದೆ. ಸೋಪಿನ ಹನಿ ಅದಕ್ಕೇ. ಒಂದು ಕ್ಯಾರೆಟ್ ಹರಳು ಹೆಚ್ಚುಕಡಿಮೆ ತೊಗರಿ ಕಾಳಿನ ಗಾತ್ರ, ನೀರಿನಲ್ಲಿ ತೋರಿಸುವುದು ಬರೀ 0.050. ಎರಡು ಮಿಲಿಗ್ರಾಂ ಆಚೀಚೆಯಾದರೂ ಲೆಕ್ಕ ಕೆಡುತ್ತದೆ. ಉಂಗುರದಲ್ಲಿ ಕೂತದ್ದಕ್ಕೆ ಈ ಪರೀಕ್ಷೆ ನಡೆಯುವುದೇ ಇಲ್ಲ. ಗಾರ್ನೆಟ್ ಎಂಬ ಕೆಂಪು ಕಲ್ಲು ಕೆಲವೊಮ್ಮೆ 4ರ ಹತ್ತಿರವೇ ಬರುತ್ತದೆ, ಆಗ ಹರಳನ್ನು ತಿರುಗಿಸಿ ನೋಡಬೇಕು: ಮಾಣಿಕ್ಯ ಒಂದು ಕಡೆಯಿಂದ ನೇರಳೆಗೆಂಪು, ಇನ್ನೊಂದು ಕಡೆಯಿಂದ ಕಿತ್ತಳೆಗೆಂಪು, ಗಾರ್ನೆಟ್ಟಿಗೂ ಗಾಜಿಗೂ ಯಾವ ಕಡೆಯಿಂದಲೂ ಒಂದೇ ಬಣ್ಣ.

ಕುಲುಮೆಯ ಹರಳೂ 4.00 ಎಂದೇ ತೂಗುತ್ತದೆ, ಅದೂ ಕುರುಂದವೇ ತಾನೇ. ಅದನ್ನು ಹಿಡಿಯಲು ಹತ್ತು ಪಟ್ಟಿನ ಭೂತಗನ್ನಡಿ ಬೇಕು. ನೆಲದ ಹರಳಿನ ಬಣ್ಣದ ಪಟ್ಟೆ ನೇರ, ಮೂಲೆಯಲ್ಲಿ ಜೇನುಗೂಡಿನ ಕೋನಕ್ಕೆ ತಿರುಗುತ್ತದೆ. ಕುಲುಮೆಯದರ ಪಟ್ಟೆ ಹಳೇ ಗ್ರಾಮಫೋನ್ ತಟ್ಟೆಯ ಗೆರೆಯಂತೆ ಬಾಗಿರುತ್ತದೆ, ಪಕ್ಕದಲ್ಲಿ ದುಂಡನೆಯ ಗಾಳಿಗುಳ್ಳೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚು ಬಿಟ್ಟು, 'ನೋಡ್ರಿ, ಕೆಂಪಗ ಹೊಳೀತದ, ಅಸಲಿ' ಎನ್ನುವುದು ಈಗ ಬಳಕೆಗೆ ಬಂದಿದೆ. ಕಬ್ಬಿಣವೇ ಇಲ್ಲದ ಕುಲುಮೆಯ ಮಾಣಿಕ್ಯ ಅದರಲ್ಲಿ ಇನ್ನೂ ಜೋರಾಗಿ ಹೊಳೆಯುತ್ತದೆ.

ಇನ್ನು 'ಏನು ಮಾಡಿದ್ದಾರೆ' ಎಂಬುದು. ಮಾರುಕಟ್ಟೆಯ ಹೆಚ್ಚಿನ ನೀಲ, ಮಾಣಿಕ್ಯ ಬಿಸಿ ಕಂಡವೇ. 1970ರ ದಶಕದಲ್ಲಿ ಥಾಯ್ ವ್ಯಾಪಾರಿಗಳು ಶ್ರೀಲಂಕಾದಲ್ಲಿ ಕಸದಂತೆ ಬಿದ್ದಿದ್ದ ಹಾಲು ಬಣ್ಣದ ಗೇವುಡಾ ಕಲ್ಲನ್ನು ಕೊಂಡು, 1600 ಡಿಗ್ರಿಗೂ ಮೀರಿ ಕಾಯಿಸಿ ನೀಲ ಮಾಡಿದರು. ಮಬ್ಬಿಗೆ ಕಾರಣ ರೂಟೈಲ್ ಎಂಬ ಟೈಟಾನಿಯಂ ಖನಿಜದ ರೇಷ್ಮೆಯಂಥ ಸೂಜಿಗಳು. ಅವು ಕರಗಿ ಅದರ ಟೈಟಾನಿಯಂ ಹರಳಿನೊಳಗೇ ಸೇರಿ ಕಬ್ಬಿಣದ ಪಕ್ಕ ಕೂರುತ್ತದೆ. ಈ ಬಣ್ಣ ಶಾಶ್ವತ, ವ್ಯಾಪಾರದಲ್ಲಿ ಒಪ್ಪಿತ, ಹೇಳಿ ಮಾರಿದರೆ ತಪ್ಪಿಲ್ಲ. ಒಳಗೆ ಅರವತ್ತು ಡಿಗ್ರಿಗೆ ಅಡ್ಡಹಾಯುವ ಸೂಜಿಗಳು ಇಡಿಯಾಗಿ ಉಳಿದಿದ್ದರೆ ದೊಡ್ಡ ಬಿಸಿ ಕಂಡಿಲ್ಲ ಎಂದರ್ಥ. ಶಾಸ್ತ್ರ ಯಾವುದನ್ನು ದೋಷ ಎನ್ನುತ್ತದೋ ಅದೇ ಇಲ್ಲಿ ಸಾಕ್ಷಿ.

ನಿಜಕ್ಕೂ ಸಿಟ್ಟು ಬರಿಸುವುದು ಗಾಜು ತುಂಬಿದ ಮಾಣಿಕ್ಯ. ಬಿರುಕೇ ಬಿರುಕಾದ, ಪುಡಿಯಾಗುವಂಥ ಕಲ್ಲನ್ನು ತೇಜಾಬಿನಲ್ಲಿ ತೊಳೆದು, ಸೀಸದ ಗಾಜು ಕರಗಿಸಿ ಬಿರುಕಿಗೆ ಇಳಿಸುತ್ತಾರೆ. 2004ರ ಹೊತ್ತಿಗೆ ಇದು ಮಾರುಕಟ್ಟೆ ತುಂಬಿತು. ಹರಳನ್ನು ಓರೆ ಮಾಡಿದಾಗ ಒಳಗೆ ನೀಲಿ ಅಥವಾ ಕಿತ್ತಳೆಯ ಮಿಂಚು ಹಾಯುತ್ತದೆ, ಚಪ್ಪಟೆ ಗುಳ್ಳೆ ಕಾಣುತ್ತದೆ, ಮೇಲ್ಮೈಯಲ್ಲಿ ಬಿರುಕಿನ ಗೆರೆಯಷ್ಟು ಜಾಗ ಮಂಕು. ಇದರ ಗ್ರಹಚಾರ ಬಯಲಾಗುವುದು ಪತ್ತಾರರ ಮುಂದೆ. ಉಂಗುರ ಬಿಗಿಯಾಯಿತು ಎಂದು ಕೊಟ್ಟರೆ, ಹರಳು ತೆಗೆಯದೆ ಬೆಸುಗೆಯ ಉರಿ ಹಿಡಿದರೆ, ಗಾಜು ಬೆವರಿ ಹೊರಬರುತ್ತದೆ. ಆಮೇಲೆ ತೇಜಾಬಿಗೆ ಹಾಕಿದರೆ ಉಳಿದದ್ದೂ ತಿಂದುಹೋಗಿ, ಕೆಂಪು ಹರಳಿನ ಮೇಲೆ ಜೇಡರ ಬಲೆಯಂತೆ ಬಿಳಿ ಗೆರೆ ಎದ್ದು ನಿಲ್ಲುತ್ತದೆ. 'ನಮ್ಮ ಹರಳು ಬದಲಿ ಮಾಡ್ಯಾರ' ಎಂಬ ಜಗಳ ಶುರು. ಪತ್ತಾರರು ಬದಲಿಸಿಲ್ಲ, ಹರಳು ತನ್ನ ನಿಜರೂಪಕ್ಕೆ ಬಂದಿದೆ. ನಿಂಬೆರಸ ಸಾಕು ಇದನ್ನು ಕೆಡಿಸಲು. ಒಳ್ಳೆಯ ಮಾಣಿಕ್ಯಕ್ಕೂ ಬೆಳಗಾರ ಹಚ್ಚಿ ಉರಿ ಹಿಡಿದರೆ ಮೇಲ್ಮೈ ಕೊರೆದುಹೋಗುತ್ತದೆ, ಬಿಸಿಯಲ್ಲಿದ್ದಾಗಲೇ ನೀರಿಗೆ ಅದ್ದಿದರೆ ಸೀಳುತ್ತದೆ. ಬೆಸುಗೆಗೆ ಮುಂಚೆ ಹರಳು ಬಿಚ್ಚಿಸುವುದು, ತೂಗುವುದು, ಫೋನಿನಲ್ಲಿ ಫೋಟೋ ತೆಗೆಯುವುದು ಇಬ್ಬರಿಗೂ ಕ್ಷೇಮ.

ಪ್ರಯೋಗಾಲಯದ ಕಾರ್ಡಿನಲ್ಲಿ 'ನ್ಯಾಚುರಲ್' ಎಂಬ ಪದ ಓದಿ ನಿಲ್ಲಬಾರದು. ಅದರ ಅರ್ಥ ನೆಲದಲ್ಲಿ ಹುಟ್ಟಿದ್ದು ಎಂದಷ್ಟೇ. ಕೆಳಗಿನ ಷರಾ ಸಾಲಿನಲ್ಲಿ 'ಹೀಟೆಡ್', 'ಗ್ಲಾಸ್ ಫಿಲ್ಡ್', 'ಕಾಂಪೋಸಿಟ್' (ಕಲ್ಲು, ಗಾಜು ಸೇರಿದ್ದು) ಇದೆಯೋ ನೋಡಿ.

ಊರಿನ ಹೆಸರಿಗೆ ತೆರುವ ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಶ್ಮೀರದ ಪಾಡರಿನಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 1880ರ ಸುಮಾರಿಗೆ ಗುಡ್ಡ ಜರಿದು ನೀಲ ಕಂಡಿತು. ಒಳ್ಳೆಯ ಸರಕು ಮುಗಿದದ್ದು 1887ರ ಹೊತ್ತಿಗೆ. ಹಾಗಿದ್ದೂ 'ಕಾಶ್ಮೀರ್ ನೀಲಂ' ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 'ಬರ್ಮಾ ರೂಬಿ'ಯದೂ ಅದೇ ಪಾಡು. 2009ರಲ್ಲಿ ಮೊಜಾಂಬಿಕಿನ ಮಾಂಟೆಪುಯೆಜ್ ಕಡೆ ಮಾಣಿಕ್ಯ ಸಿಕ್ಕ ಮೇಲೆ ಹೊಸ ಮಾಣಿಕ್ಯದ ದೊಡ್ಡ ಪಾಲು ಅಲ್ಲಿಂದ ಬರುತ್ತಿದೆ, ಅದರಲ್ಲಿ ಬಹಳ ಒಳ್ಳೆಯವೂ ಇವೆ. ಹುಟ್ಟೂರು ಎಂಬುದು ದೊಡ್ಡ ಪ್ರಯೋಗಾಲಯಗಳಿಗೂ ಒಂದು ಅಭಿಪ್ರಾಯವೇ. ಸಾಮಾನ್ಯ ಉಂಗುರಕ್ಕೆ ಆ ಹೆಸರಿನ ಮೇಲೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ.

ಕೊಳ್ಳುವಾಗ ಹರಳನ್ನು ಅಂಗಡಿಯ ದೀಪದಿಂದ ಹೊರಗೆ ತಂದು, ಬೆಳಗಿನ ಹತ್ತರ ಹೊತ್ತಿಗೆ ನೆರಳಲ್ಲಿ ನಿಂತು ನೋಡಿ. ಹಳದಿ ದೀಪ ಮಾಣಿಕ್ಯಕ್ಕೆ ಬಣ್ಣ ಸಾಲ ಕೊಡುತ್ತದೆ, ನೀಲದಿಂದ ಕಿತ್ತುಕೊಳ್ಳುತ್ತದೆ. ಬೆರಳ ಮೇಲಿಟ್ಟಾಗ ನಡುವೆ ಚರ್ಮದ ಗೆರೆ ಕಂಡರೆ ತಳವನ್ನು ಚಪ್ಪಟೆಯಾಗಿ ಕಡೆದಿದ್ದಾರೆ, ಬೆಳಕು ತಿರುಗಿ ಬರದೆ ಸೋರಿಹೋಗುತ್ತಿದೆ ಎಂದು ತಿಳಿಯಬೇಕು. ತಳ ಮುಚ್ಚಿದ ಹಳೇ ಒಡವೆಯಲ್ಲಿ ಹರಳಿನ ಹಿಂದೆ ಬಣ್ಣದ ತಗಡು ಇರಬಹುದು, ಬಿಚ್ಚದೆ ಬೆಲೆ ಕಟ್ಟಬಾರದು.

ಗ್ರಹಕ್ಕೆಂದು ಹಾಕುವ ಉಂಗುರದ ತಳ ತೆರೆದಿರುತ್ತದೆ, ಹರಳು ಚರ್ಮಕ್ಕೆ ತಾಗಲಿ ಎಂದು. ಅದೇ ಕೈಯಿಂದ ದಿನಾ ಜೋಳದ ಹಿಟ್ಟು ನಾದಿದರೆ ಹಿಟ್ಟು ತಳಕ್ಕೆ ಸೇರಿ ಒಣಗಿ ಕೂರುತ್ತದೆ. ಎರಡೇ ತಿಂಗಳಿಗೆ 'ಹರಳಿನ ಕಳಾ ಹೋಗ್ಯಾದ, ಶಕ್ತಿ ಮುಗದದ' ಎಂದು ಹೊಸದು ಕೊಳ್ಳಲು ಹೊರಡುತ್ತಾರೆ. ಅಂಟುವಾಳದ ಉಗುರುಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮಕ್ಕಳ ಹಲ್ಲುಜ್ಜುವ ಮೆತ್ತನೆ ಬ್ರಷ್ಷಿನಿಂದ ತಳದ ಕಡೆಯಿಂದ ತಿಕ್ಕಿದರೆ ಹಿಟ್ಟು ಹೋಗುತ್ತದೆ, ಕಳೆ ಬರುತ್ತದೆ. ಒರೆಸಿದ ಮೇಲೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡಿ. ಟಿಕ್ ಟಿಕ್ ಎಂದರೆ ಇಷ್ಟು ದಿನ ಹರಳನ್ನು ಹಿಡಿದಿಟ್ಟದ್ದು ಆ ಹಿಟ್ಟೇ. ಅವತ್ತೇ ಪತ್ತಾರರ ಹತ್ತಿರ ಹೋಗಿ ಹಿಡಿಕೆ ಬಿಗಿ ಮಾಡಿಸಿಕೊಳ್ಳಿ.